ಆವರ್ತ ಕೋಷ್ಟಕ ಹತ್ತನೆಯ ತರಗತಿಗೆ ಮರಳಬೇಕು: ಅಧ್ಯಕ್ಷ ಭಾಷಣ



    ದೆಹಲಿ ಸುತ್ತಲಿನ ಕನ್ನಡ ವಿಜ್ಞಾನ ಶಿಕ್ಷಕರ ಈ ಸಭೆಯಲ್ಲಿ ವಿಜ್ಞಾನ ಶಿಕ್ಷಣದ ಸವಾಲುಗಳ ಬಗ್ಗೆ ನಾನು ಮಾತಾಡುತ್ತೇನೆಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ. ಪ್ರಯೋಗಾಲಯಗಳ ಕೊರತೆ, ಖಾಲಿ ಹುದ್ದೆಗಳು, ಟ್ಯೂಷನ್ ಹಾವಳಿ ಇವೆಲ್ಲ ನಿಮಗೆ ಗೊತ್ತಿರುವುದೇ. ನಾನು ಒಂದೇ ಒಂದು ಪಾಠದ ಬಗ್ಗೆ ಮಾತಾಡುತ್ತೇನೆ. ಆ ಪಾಠ ಈಗ ಪುಸ್ತಕದಲ್ಲಿಲ್ಲ.

ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಐದನೆಯ ಅಧ್ಯಾಯ ‘ಧಾತುಗಳ ಆವರ್ತನೀಯ ವರ್ಗೀಕರಣ’ ಆಗಿತ್ತು. ಪಠ್ಯದ ಹೊರೆ ಇಳಿಸುವ ಕಾರ್ಯದಲ್ಲಿ ಅದು ಹೋಯಿತು. 2023ರಲ್ಲಿ ಅಚ್ಚಾಗಿ ಬಂದ ಪುಸ್ತಕದಲ್ಲಿ ಅದಿಲ್ಲ. ಜೀವವಿಕಾಸದ ಭಾಗವೂ ಶಕ್ತಿಯ ಆಕರಗಳ ಅಧ್ಯಾಯವೂ ಅದರ ಜೊತೆಗೇ ಹೋದವು. ಜೀವವಿಕಾಸದ ಬಗ್ಗೆ ದೇಶದಲ್ಲೆಲ್ಲ ದನಿ ಎದ್ದಿತು, ಏಳಬೇಕಾದದ್ದೇ. ಆವರ್ತ ಕೋಷ್ಟಕಕ್ಕೆ ಅಷ್ಟು ದೊಡ್ಡ ದನಿ ಏಳಲಿಲ್ಲ. ಅದನ್ನು ಕಳೆದುಕೊಂಡರೆ ಏನು ಕಳೆದುಕೊಂಡಂತೆ ಎಂದು ನಾವು, ರಸಾಯನಶಾಸ್ತ್ರ ಕಲಿಸುವವರು, ಜನರಿಗೆ ಹೇಳಿರಲೇ ಇಲ್ಲ. ಮಕ್ಕಳಿಗೆ ಅದು ಬಾಯಿಪಾಠದ ಗೋಡೆಪಟವಾಗಿತ್ತು. ತಾಯಿತಂದೆಯರಿಗೆ ಅದು ಹೋದದ್ದು ಒಂದು ಹೊರೆ ಇಳಿದಂತೆ ಕಂಡಿತು. ಆ ಅಧ್ಯಾಯ ಏನು ಮಾಡುತ್ತಿತ್ತು ಎಂಬುದನ್ನು ಮೊದಲು ಬಿಡಿಸಿ ಹೇಳಬೇಕು. ವಾದವೆಲ್ಲ ಅದರ ಮೇಲೆ ನಿಂತಿದೆ.

ಅದರಲ್ಲಿ ಒಂದು ಚಿಕ್ಕ ಅಭ್ಯಾಸವಿತ್ತು. ಎರಡನೆಯ ಆವರ್ತದ ಆರು ಧಾತುಗಳನ್ನು ಬೇಕೆಂದೇ ಕಲಸಿ ಕೊಟ್ಟಿದ್ದರು: ಬೋರಾನ್ 88, ಬೆರಿಲಿಯಂ 111, ಆಕ್ಸಿಜನ್ 66, ನೈಟ್ರೋಜನ್ 74, ಲಿಥಿಯಂ 152, ಕಾರ್ಬನ್ 77. ಇವು ಪರಮಾಣು ತ್ರಿಜ್ಯಗಳು, ಪಿಕೋಮೀಟರುಗಳಲ್ಲಿ. ಇವನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿ, ಕೋಷ್ಟಕದಲ್ಲಿರುವ ಕ್ರಮವೇ ಬಂತೇ ನೋಡಿ, ಏಕೆ ಹೀಗೆ ಹೇಳಿ ಎಂಬುದು ಪ್ರಶ್ನೆ. ಹದಿನೈದು ವರ್ಷದ ಹುಡುಗಿಯೊಬ್ಬಳು ಇದನ್ನು ಜೋಡಿಸಿದ ಕೂಡಲೇ ಅವಳ ಎಣಿಕೆಗೆ ಉಲ್ಟಾ ಆದ ಸಂಗತಿಯೊಂದು ಎದುರಾಗುತ್ತದೆ. ಎಡದಿಂದ ಬಲಕ್ಕೆ ಹೋದಂತೆ ಪ್ರತಿ ಧಾತುವಿಗೂ ಒಂದೊಂದು ಇಲೆಕ್ಟ್ರಾನ್ ಹೆಚ್ಚುತ್ತದೆ. ಪರಮಾಣು ಮಾತ್ರ ಕುಗ್ಗುತ್ತದೆ. ಸೇರಿಸಿದಷ್ಟೂ ಚಿಕ್ಕದಾಗುವುದು ಹೇಗೆ? ಹೊಸ ಇಲೆಕ್ಟ್ರಾನ್ ಅದೇ ಹೊರಕವಚದಲ್ಲಿ ಕೂರುತ್ತದೆ, ನ್ಯೂಕ್ಲಿಯಸ್ಸಿನ ಧನ ಆವೇಶ ಮಾತ್ರ ಒಂದೊಂದೇ ಏರುತ್ತದೆ. ಸೆಳೆತ ಹೆಚ್ಚಿ ಕವಚ ಒಳಕ್ಕೆ ಸರಿಯುತ್ತದೆ. ಇನ್ನು ಮೊದಲನೆಯ ಗುಂಪಿನಲ್ಲಿ ಕೆಳಗಿಳಿದರೆ ಲಿಥಿಯಂ 152, ಸೋಡಿಯಂ 186, ಪೊಟ್ಯಾಸಿಯಂ 231. ಇಲ್ಲಿ ಪ್ರತಿ ಹೆಜ್ಜೆಗೂ ಹೊಸ ಕವಚ. ಹೊರಗಿನ ಇಲೆಕ್ಟ್ರಾನ್ ನ್ಯೂಕ್ಲಿಯಸ್ಸಿನಿಂದ ದೂರವಾಗುತ್ತದೆ, ನಡುವಿನ ಕವಚಗಳು ಸೆಳೆತವನ್ನು ಮರೆಮಾಡುತ್ತವೆ, ಅದನ್ನು ಕಿತ್ತು ತೆಗೆಯುವುದು ಸುಲಭವಾಗುತ್ತದೆ. ಅಯಾನೀಕರಣ ಶಕ್ತಿ ಮೋಲಿಗೆ 520, 496, 419 ಕಿಲೋಜೂಲ್ ಎಂದು ಇಳಿಯುತ್ತ ಬರುತ್ತದೆ. ನೀರಿಗೆ ಹಾಕಿದಾಗ ಲಿಥಿಯಂ ನಿಧಾನಕ್ಕೆ ಗುಳ್ಳೆಯೇಳುವುದು, ಸೋಡಿಯಂ ಕರಗಿ ಉಂಡೆಯಾಗಿ ಓಡಾಡುವುದು, ಪೊಟ್ಯಾಸಿಯಂ ಹೊತ್ತಿಕೊಳ್ಳುವುದು ಒಂದೇ ಕಾರಣದ ಮೂರು ಮುಖಗಳಾಗಿ ಕಾಣುತ್ತವೆ. ಶಾಲೆಯ ರಸಾಯನಶಾಸ್ತ್ರದಲ್ಲಿ ಯಾರೂ ಹೇಳಿಕೊಡದ ಧಾತುವಿನ ಬಗ್ಗೆ ವಿದ್ಯಾರ್ಥಿ ತಾನೇ ಮುಂಚಿತವಾಗಿ ಹೇಳಬಲ್ಲ ಜಾಗ ಇದೊಂದೇ. ರುಬಿಡಿಯಂ ಅನ್ನು ಕಂಡಿರದಿದ್ದರೂ ಅದು ನೀರಿನಲ್ಲಿ ಹೇಗೆ ವರ್ತಿಸುತ್ತದೆ ಎಂದು ಆ ಹುಡುಗಿ ಬರೆಯಬಲ್ಲಳು.

ಮೆಂಡೆಲೀವ್ 1869ರಲ್ಲಿ ಮಾಡಿದ್ದೂ ಇದನ್ನೇ. ಆಗ ತಿಳಿದಿದ್ದ ಧಾತುಗಳು 63. ಅಲ್ಯೂಮಿನಿಯಂ ಕೆಳಗೆ, ಸಿಲಿಕಾನ್ ಕೆಳಗೆ ಅವನು ಖಾಲಿ ಮನೆ ಬಿಟ್ಟ. ಅಲ್ಲಿರಬೇಕಾದ ಧಾತುಗಳ ಗುಣಗಳನ್ನು ಮೊದಲೇ ಬರೆದಿಟ್ಟ. 1875ರಲ್ಲಿ ಫ್ರಾನ್ಸಿನಲ್ಲಿ ಬ್ವಾಬೋದ್ರಾನ್ ಗ್ಯಾಲಿಯಂ ಕಂಡುಹಿಡಿದು ಅದರ ಸಾಂದ್ರತೆ 4.7 ಎಂದಾಗ, ಲೋಹವನ್ನು ಕಂಡೇ ಇರದ ಮೆಂಡೆಲೀವ್ ಅಳತೆಯನ್ನು ಮತ್ತೆ ನೋಡಬೇಕು, 5.9ರ ಆಸುಪಾಸು ಬರಬೇಕು ಎಂದ. ಶುದ್ಧಗೊಳಿಸಿ ಅಳೆದಾಗ 5.9 ಬಂತು. 1886ರಲ್ಲಿ ಸಿಕ್ಕ ಜರ್ಮೇನಿಯಂನ ಪರಮಾಣು ರಾಶಿ ಅವನ ಎಣಿಕೆಯಲ್ಲಿ 72, ಅಳತೆಯಲ್ಲಿ 72.6. ಪ್ರಯೋಗ ಮಾಡಿದವನ ಅಂಕಿಯನ್ನು ಕೋಷ್ಟಕ ತಿದ್ದಿದ ಈ ಪ್ರಸಂಗವನ್ನು ಹತ್ತನೆಯ ತರಗತಿಯ ಮಗು ಕೇಳದೆ ಶಾಲೆ ಮುಗಿಸಿದರೆ, ವಿಜ್ಞಾನವೆಂದರೆ ಏನೆಂದು ನಾವು ಅದಕ್ಕೆ ಕಲಿಸಿದ್ದೇವೆ ಎಂದು ನಾನು ಒಪ್ಪಲಾರೆ.

ಎನ್‌ಸಿಇಆರ್‌ಟಿ ಕೊಟ್ಟ ಉತ್ತರವನ್ನು ಸರಿಯಾಗಿಯೇ ಕೇಳಿಸಿಕೊಳ್ಳೋಣ. ಪಾಠವನ್ನು ಪಠ್ಯಕ್ರಮದಿಂದ ಅಳಿಸಿಲ್ಲ, ಹನ್ನೊಂದನೆಯ ತರಗತಿಯ ರಸಾಯನಶಾಸ್ತ್ರದಲ್ಲಿ ಅದು ವಿವರವಾಗಿದೆ, ಕೊರೊನಾ ಕಾಲದಲ್ಲಿ ಮಕ್ಕಳ ಹೊರೆ ಇಳಿಸಬೇಕಿತ್ತು ಎಂಬುದು ಅದರ ಸಾರ. ಹನ್ನೊಂದರಲ್ಲಿದೆ ಎಂಬುದು ನಿಜ. ಅದನ್ನು ಅಳಿಸಿಯೇಬಿಟ್ಟರು ಎಂದು ಬರೆದವರು ವಾದಕ್ಕೆ ಕೆಡುಕು ಮಾಡಿದರು. ಆದರೆ ಹನ್ನೊಂದರಲ್ಲಿ ರಸಾಯನಶಾಸ್ತ್ರ ಓದುವವರು ಯಾರು? ವಿಜ್ಞಾನ ವಿಭಾಗ ಆರಿಸಿಕೊಂಡವರು ಮಾತ್ರ. ವಾಣಿಜ್ಯ, ಕಲಾ ವಿಭಾಗಗಳಿಗೆ ಹೋಗುವವರಿಗೆ, ಐಟಿಐ ಸೇರುವವರಿಗೆ, ಹತ್ತಕ್ಕೇ ಓದು ಬಿಡುವವರಿಗೆ ಹತ್ತನೆಯ ತರಗತಿಯೇ ಕೊನೆಯ ರಸಾಯನಶಾಸ್ತ್ರ. ಪಾಠದ ಪುನರಾವರ್ತನೆ ತಪ್ಪಿಸಿದೆವು ಎನ್ನುವ ಮಾತು ಎರಡನ್ನೂ ಓದುವವರಿಗೆ ಸಲ್ಲುತ್ತದೆ. ಒಂದನ್ನೇ ಓದುವವರಿಗೆ ಅದು ಪುನರಾವರ್ತನೆ ಆಗಿರಲೇ ಇಲ್ಲ. ಈ ನಿರ್ಧಾರ ಸಿಬಿಎಸ್‌ಇ ಶಾಲೆಗಳಲ್ಲೇ ನಿಲ್ಲುವುದೂ ಇಲ್ಲ. ನಮ್ಮ ರಾಜಧಾನಿ ವಲಯದಲ್ಲೇ ನೋಯ್ಡಾ, ಗಾಜಿಯಾಬಾದುಗಳ ಎಷ್ಟೋ ಶಾಲೆಗಳು ಉತ್ತರ ಪ್ರದೇಶದ ಮಂಡಳಿಗೆ ಸೇರಿವೆ. ಆ ಮಂಡಳಿಯೂ ಇದೇ ಪುಸ್ತಕಗಳನ್ನು ತೆಗೆದುಕೊಂಡಿದೆ. ದೆಹಲಿಯ ಶ್ರೀ ಅರಬಿಂದೋ ಮಾರ್ಗದ ಎನ್‌ಸಿಇಆರ್‌ಟಿ ಕಟ್ಟಡದಲ್ಲಿ ಎಳೆದ ಗೆರೆ ಎಷ್ಟು ರಾಜ್ಯಗಳ ಮಕ್ಕಳ ಮೇಲೆ ಬೀಳುತ್ತದೆ ಎಂಬುದನ್ನು ಮರೆಯಬಾರದು.

ಹೊರೆ ಎನ್ನುವ ಮಾತಿಗೂ ಬರೋಣ. ಪಾಠ ಕಳೆದರೆ ಹೊರೆ ಕಳೆಯುತ್ತದೆ ಎಂಬುದು ಪುಟಗಳ ಲೆಕ್ಕ. ಒಂಬತ್ತರಲ್ಲಿ ಮೊದಲ 18 ಧಾತುಗಳ ಇಲೆಕ್ಟ್ರಾನ್ ಹಂಚಿಕೆಯನ್ನು ಮಕ್ಕಳು ಕಲಿಯುತ್ತಾರೆ; ಅದು ಉಳಿದಿದೆ. ಹತ್ತರಲ್ಲಿ ಲೋಹಗಳು ಮತ್ತು ಅಲೋಹಗಳು, ಅದರೊಳಗೆ ಕ್ರಿಯಾಶೀಲತೆಯ ಸರಣಿ, ಅದೂ ಉಳಿದಿದೆ. ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮೇಲೆ, ಬೆಳ್ಳಿ ಬಂಗಾರ ಕೆಳಗೆ. ಕ್ಯಾಲ್ಸಿಯಂಗಿಂತ ಮೆಗ್ನೀಸಿಯಂ ಏಕೆ ಕೆಳಗೆ ಎಂದು ಕೇಳಿದರೆ ಈಗಿನ ಪುಸ್ತಕ ಓದಿದ ಮಗುವಿಗೆ ಕಾರಣ ಸಿಗುವುದಿಲ್ಲ, ಪಟ್ಟಿ ಮಾತ್ರ ಸಿಗುತ್ತದೆ. ಕಾರ್ಬನ್ ಉದ್ದುದ್ದ ಸರಪಣಿ ಕಟ್ಟುತ್ತದೆ, ಸಿಲಿಕಾನ್ ಕಟ್ಟಿದರೂ ಏಳೆಂಟು ಪರಮಾಣುಗಳಿಗೆ ಸೋಲುತ್ತದೆ ಎಂದು ನಂತರದ ಅಧ್ಯಾಯ ಹೇಳುತ್ತದೆ. ಸಿಲಿಕಾನ್ ಕಾರ್ಬನ್ನಿನ ಕೆಳಗಿನ ಮನೆಯಲ್ಲಿದೆ, ಗಾತ್ರ ದೊಡ್ಡದು, ಬಂಧ ಸಡಿಲ ಎಂಬ ಕೊಂಡಿ ಕಳಚಿದೆ. ಮಾಲೆಯ ದಾರ ತೆಗೆದು ಮಣಿಗಳನ್ನೆಲ್ಲ ಮಗುವಿನ ಬೊಗಸೆಗೆ ಸುರಿದು ಭಾರ ಕಡಿಮೆಯಾಯಿತೆಂದರೆ ನಂಬುವುದು ಹೇಗೆ? ಹೊರೆ ಹೆಚ್ಚಿದೆ.

ಇದು ಕಷ್ಟದ, ಕಣ್ಣಿಗೆ ಕಾಣದ ವಿಷಯ, ಸಾಮಾನ್ಯ ಬದುಕಿಗೆ ಬೇಕಿಲ್ಲ ಎನ್ನುವವರೂ ಇದ್ದಾರೆ. ಗುರುಗ್ರಾಮ, ಫರೀದಾಬಾದುಗಳ ಕೆಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ನಮ್ಮ ಪಾವಗಡ, ಬಾಗೇಪಲ್ಲಿ, ಮುಂಡರಗಿಗಳಲ್ಲಿ ಅದು ತಲೆಮಾರುಗಳ ಸಂಕಟ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಅದಕ್ಕಿಂತ ಬಹಳ ಹೆಚ್ಚಿದ್ದರೆ ಮೂಳೆ ಬಿಗಿಯುತ್ತದೆ. ಅದೇ ಗುಂಪಿನ ಕ್ಲೋರೈಡನ್ನು ನಾವು ದಿನವೂ ಉಪ್ಪಾಗಿ ತಿನ್ನುತ್ತೇವೆ, ಅದು ಮೂಳೆಗೆ ಕೈಹಾಕುವುದಿಲ್ಲ. ಫ್ಲೋರೈಡ್ ಅಯಾನು ಗುಂಪಿನ ತುದಿಯಲ್ಲಿದೆ, ಚಿಕ್ಕದು. ಮೂಳೆಯ ಖನಿಜದಲ್ಲಿರುವ ಹೈಡ್ರಾಕ್ಸೈಡಿನ ಜಾಗಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಕ್ಲೋರೈಡ್ ಒಂದು ಕವಚ ದೊಡ್ಡದು, ಅಷ್ಟು ಸುಲಭವಾಗಿ ಅಲ್ಲಿ ಹಿಡಿಸುವುದಿಲ್ಲ. ಎರಡನೆಯ ಗುಂಪನ್ನು ತೆಗೆದುಕೊಳ್ಳಿ. ಪಟಾಕಿಯಲ್ಲಿ ಬೇರಿಯಂ ಲವಣ ಬಳಸಬಾರದೆಂದು ಸುಪ್ರೀಂ ಕೋರ್ಟು 2018ರಲ್ಲಿ ನಿಷೇಧಿಸಿತು. ಆದರೂ ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಮೊದಲು ರೋಗಿಗೆ ಬೇರಿಯಂ ಸಲ್ಫೇಟ್ ಕುಡಿಸುತ್ತಾರೆ. ಈ ಗುಂಪಿನ ಸಲ್ಫೇಟುಗಳು ಮೆಗ್ನೀಸಿಯಂನಿಂದ ಕೆಳಗಿಳಿದಂತೆ ನೀರಿನಲ್ಲಿ ಕರಗುವುದು ಕಡಿಮೆಯಾಗುತ್ತ ಬಂದು ಬೇರಿಯಂಗೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಕರಗದ್ದು ರಕ್ತ ಸೇರುವುದಿಲ್ಲ. ದೆಹಲಿಯ ಬೀದಿಗಳ ಇ-ರಿಕ್ಷಾಗಳು ಸೀಸದ ಬ್ಯಾಟರಿಯಿಂದ ಲಿಥಿಯಂ ಕಡೆಗೆ ಹೊರಳುತ್ತಿರುವುದರ ಕಾರಣವೂ ಕೋಷ್ಟಕದ ಎರಡು ಮನೆಗಳ ಅಂತರದಲ್ಲೇ ಇದೆ. ಆ ರಿಕ್ಷಾ ಓಡಿಸುವವರಲ್ಲಿ ಎಷ್ಟು ಮಂದಿ ಹನ್ನೊಂದನೆಯ ತರಗತಿಯ ರಸಾಯನಶಾಸ್ತ್ರ ಓದಿರುತ್ತಾರೆ?

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಪಾಠವಿಲ್ಲದ ಪುಸ್ತಕ ಬಂದ 2023ರಲ್ಲೇ ಜಮ್ಮುವಿನ ರಿಯಾಸಿಯಲ್ಲಿ ಲಿಥಿಯಂ ಅದಿರಿನ ಅಂದಾಜು ಪ್ರಕಟವಾಯಿತು. ಅದಕ್ಕೂ ಮೊದಲೇ ಮಂಡ್ಯ ಜಿಲ್ಲೆಯ ಮರಳಗಾಲದ ಹೆಸರು ಬಂದಿತ್ತು. ಅದೇ ವರ್ಷ ಜೂನ್‌ನಲ್ಲಿ ಕೇಂದ್ರ ಗಣಿ ಸಚಿವಾಲಯ ದೇಶಕ್ಕೆ ಅತ್ಯಗತ್ಯವಾದ 30 ಖನಿಜಗಳ ಪಟ್ಟಿ ಹೊರಡಿಸಿತು. ಮರುತಿಂಗಳೇ ಚೀನಾ ಗ್ಯಾಲಿಯಂ ಮತ್ತು ಜರ್ಮೇನಿಯಂ ರಫ್ತಿಗೆ ಕಡಿವಾಣ ಪ್ರಕಟಿಸಿತು. ಮೆಂಡೆಲೀವ್ ಖಾಲಿ ಬಿಟ್ಟಿದ್ದ ಆ ಎರಡೂ ಮನೆಗಳು ನಮ್ಮ ಪಟ್ಟಿಯಲ್ಲಿವೆ. ಗ್ಯಾಲಿಯಂ ಬಾಕ್ಸೈಟಿನಲ್ಲಿ ಅಡಗಿರುವುದು ಅದು ಅಲ್ಯೂಮಿನಿಯಂನ ಕೆಳಮನೆಯದು ಎಂಬ ಕಾರಣಕ್ಕೆ. ಕ್ಯಾಡ್ಮಿಯಂ ಸತುವಿನ ಅದಿರಿನಲ್ಲಿ ಸಿಗುವುದೂ ಅಂಥದೇ ನಂಟಿನಿಂದ. ಒಂದು ಸಚಿವಾಲಯ ಈ ಧಾತುಗಳನ್ನು ದೇಶದ ಭವಿಷ್ಯ ಎನ್ನುತ್ತದೆ. ಅದೇ ಊರಿನ ಇನ್ನೊಂದು ಸಂಸ್ಥೆ ಅವುಗಳ ನಂಟನ್ನು ಬಹುಪಾಲು ಮಕ್ಕಳ ಕಣ್ಣಿಂದ ತೆಗೆದಿಡುತ್ತದೆ.

ನಮ್ಮೊಳಗಿನ ಹಳೆಯ ಜಗಳವನ್ನೂ ಮುಚ್ಚಿಡುವುದಿಲ್ಲ. ಇದೇ ವೇದಿಕೆಯಲ್ಲಿ ಕೆಲವು ಹಿರಿಯರು, ಕೋಷ್ಟಕದ ಈ ಪ್ರವೃತ್ತಿಗಳಲ್ಲಿ ಅಪವಾದಗಳು ತುಂಬ, ಅರೆಬರೆ ನಿಯಮವನ್ನು ಚಿಕ್ಕವರಿಗೆ ಕಲಿಸಬಾರದು ಎಂದು ವಾದಿಸಿದರು. ಅಪವಾದಗಳಿವೆ. ಬಲಕ್ಕೆ ಹೋದಂತೆ ಅಯಾನೀಕರಣ ಶಕ್ತಿ ಏರಬೇಕು. ನೈಟ್ರೋಜನ್ನಿನದು 1402, ಆಕ್ಸಿಜನ್ನಿನದು 1314. ಕೆಳಗಿಳಿದಂತೆ ಗಾತ್ರ ಹಿಗ್ಗಬೇಕು. ಅಲ್ಯೂಮಿನಿಯಂ 143, ಗ್ಯಾಲಿಯಂ 135. ಆದರೆ ನಿಯಮ ಗೊತ್ತಿಲ್ಲದವನಿಗೆ ಅಪವಾದ ಕಾಣುವುದೇ ಇಲ್ಲ. ಗ್ಯಾಲಿಯಂ ಏಕೆ ಕುಗ್ಗಿತು ಎಂದು ಹತ್ತರಲ್ಲಿ ಕೇಳಿಕೊಂಡ ವಿದ್ಯಾರ್ಥಿಗೆ, ನಡುವೆ ತುಂಬಿದ ಹತ್ತು ಡಿ-ಇಲೆಕ್ಟ್ರಾನುಗಳು ನ್ಯೂಕ್ಲಿಯಸ್ಸನ್ನು ಸರಿಯಾಗಿ ಮರೆಮಾಡುವುದಿಲ್ಲ ಎಂಬ ಹನ್ನೊಂದರ ಉತ್ತರ ಬೇಕಾದದ್ದಾಗಿ ಸಿಗುತ್ತದೆ. ಮೆಂಡೆಲೀವನಿಗೆ ಮುಂಚೆ ಧಾತುಗಳನ್ನು ಜೋಡಿಸಲು ಹೊರಟ ಡೋಬರೈನರ್, ನ್ಯೂಲ್ಯಾಂಡ್ಸರ ಸೋತ ಪ್ರಯತ್ನಗಳನ್ನು ಓದಿ ಏನು ಲಾಭ ಎಂದವರಿಗೂ ನನ್ನ ಉತ್ತರ ಇದೇ ಬಗೆಯದು: ಡೋಬರೈನರನ ಮೂರು ಮೂರು ಧಾತುಗಳ ತ್ರಿವಳಿಗಳು ಎಲ್ಲಿ ಮುರಿದವು ಎಂದು ತಿಳಿದವನಿಗೇ ಕೋಷ್ಟಕ ಎಲ್ಲಿ ನಿಂತಿತು ಎಂದು ಗೊತ್ತಾಗುವುದು. ಪಾಠವನ್ನು ಹತ್ತನೆಯ ತರಗತಿಗೆ ತರಬೇಕೆಂದು ನಾವು ಹಿಂದೆ ಮಾಡಿದ ನಿರ್ಣಯ ಈ ಜಗಳದಲ್ಲಿ ಸೊರಗಿತು. ‘ಮರಳಿಸಬೇಕು’ ಎಂದಿದ್ದ ಕರಡನ್ನು ‘ಪರಿಶೀಲಿಸಬಹುದು’ ಎಂದು ತಿದ್ದಿದರು. ಅದನ್ನು ತೆಗೆದುಕೊಂಡ ಕಚೇರಿ ಸ್ವೀಕೃತಿಯ ಮೊಹರು ಒತ್ತಿ ಕೊಟ್ಟಿತು, ಉತ್ತರ ಬರಲಿಲ್ಲ. ನಾವೇ ಅಷ್ಟು ಮೆಲ್ಲಗೆ ಕೇಳಿದ್ದಕ್ಕೆ ಇನ್ನೇನು ಬರಬೇಕಿತ್ತು ಎಂಬ ನೋವು ನನಗಿದೆ.

ಈಗ ನನ್ನ ಸಲಹೆಗಳು. 2023ರ ಪಠ್ಯಕ್ರಮ ಚೌಕಟ್ಟಿನ ಮೇಲೆ ಹೊಸ ಪುಸ್ತಕಗಳು ತಯಾರಾಗುತ್ತಿರುವ ಕಾಲ ಇದು. ಹತ್ತನೆಯ ತರಗತಿಯ ಪುಸ್ತಕದಲ್ಲಿ ಎಂಟು ಪಿರಿಯಡ್ಡುಗಳ ಅಧ್ಯಾಯವೊಂದು ಬರಬೇಕು, ಮತ್ತು ಅದು ಲೋಹಗಳ ಪಾಠಕ್ಕೆ ಮುಂಚೆ ಬರಬೇಕು. ಹಳೆಯ ಪುಸ್ತಕದಲ್ಲಿ ರಸಾಯನಶಾಸ್ತ್ರದ ಪಾಠಗಳ ಕೊನೆಗೆ ಇಟ್ಟಿದ್ದೇ ಅದನ್ನು ಕತ್ತರಿಸಲು ಸುಲಭ ಮಾಡಿತು. ಬೋರ್ಡ್ ಪರೀಕ್ಷೆಯಲ್ಲಿ ಹೆಸರಿಲ್ಲದ ನಾಲ್ಕೈದು ಧಾತುಗಳ ಅಂಕಿಗಳನ್ನು ಕೊಟ್ಟು ಜೋಡಿಸಿ ಕಾರಣ ಕೇಳುವ ಒಂದು ಪ್ರಶ್ನೆ ಇರಬೇಕು, ನೆನಪಿನಿಂದ ಬರೆಯುವ ಪ್ರಶ್ನೆ ಒಂದೂ ಬೇಡ. ಪುಸ್ತಕ ಬರುವವರೆಗೆ ಕಾಯುವ ಅಗತ್ಯವಿಲ್ಲ. ಲೋಧಿ ಎಸ್ಟೇಟಿನ ನಮ್ಮ ದೆಹಲಿ ಕನ್ನಡ ಶಾಲೆ ಒಪ್ಪಿದರೆ ಈ ವರ್ಷವೇ ಶನಿವಾರಗಳಂದು ಈ ಪಾಠ ನಡೆಸಲು ನಮ್ಮ ಸದಸ್ಯರು ಸಿದ್ಧರಿರಬೇಕು. ಕನ್ನಡದಲ್ಲಿ, ಹಿಂದೆ ಕೂತ ಮಗುವಿಗೂ ಓದಲಾಗುವಷ್ಟು ದೊಡ್ಡ ಅಕ್ಷರದ, ಪರಮಾಣು ಗಾತ್ರವನ್ನು ವೃತ್ತಗಳಲ್ಲಿ ತೋರಿಸುವ ಗೋಡೆಪಟವೊಂದನ್ನು ನಾವೇ ಅಚ್ಚು ಹಾಕಿಸಬೇಕು. ಪ್ರಗತಿ ಮೈದಾನದ ರಾಷ್ಟ್ರೀಯ ವಿಜ್ಞಾನ ಕೇಂದ್ರದಲ್ಲಿ, ಕೈಗೆ ಸಿಗುವ ಪ್ರತಿ ಧಾತುವಿನ ನಿಜವಾದ ತುಣುಕನ್ನು ಅದರದೇ ಮನೆಯಲ್ಲಿಟ್ಟ ಗೋಡೆಯಷ್ಟಗಲದ ಕೋಷ್ಟಕ ನಿಲ್ಲಬೇಕೆಂಬ ಆಸೆ ನನಗಿದೆ. ಅಂಥದ್ದು ದೇಶದ ಪ್ರತಿ ಜಿಲ್ಲೆಯಲ್ಲೂ ಆಗಲಿ ಎಂದೂ ಬಯಸುತ್ತೇನೆ. ಅದಕ್ಕೆ ಹಣ ಎಲ್ಲಿಂದ ಎಂದು ಖಜಾಂಚಿಗಳು ಕೇಳುತ್ತಾರೆ. ಕೇಳಲಿ, ಬಯಕೆಯನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಮಧ್ಯಾಹ್ನದ ಗೋಷ್ಠಿಯಲ್ಲಿ ಮೊದಲ ಎರಡು ಸಲಹೆಗಳು ನಿರ್ಣಯವಾಗಿ ಮಂಡನೆಯಾಗುತ್ತವೆ. ಈ ಸಲ ಕರಡಿನಲ್ಲಿ ‘ಮರಳಿಸಬೇಕು’ ಎಂದೇ ಇದೆ. ತಿದ್ದುಪಡಿ ಇರುವವರು ಕಾರಣ ಸಹಿತ ಬರೆದು ಊಟಕ್ಕೆ ಮುಂಚೆ ಕಾರ್ಯದರ್ಶಿಗಳಿಗೆ ಕೊಡಿ; ಮತಕ್ಕೆ ಹಾಕಿಯೇ ತೀರ್ಮಾನಿಸೋಣ.