ಜಾರಿಗೆ ಮುನ್ನ ತಾಳೆ



ನಾವು ಕಳುಹಿಸುವ ಸಂದೇಶವು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಒಡೆದು, ಹಲವು ರೌಟರುಗಳನ್ನು ದಾಟಿ ಗುರಿ ಸೇರುತ್ತದೆ. ರೌಟರ್ ಎಂದರೆ ಗಣಕಜಾಲದ ಕವಲಿನಲ್ಲಿ ನಿಂತು ದಾರಿ ತೋರುವ ಯಂತ್ರ. ಯಾವ ವಿಳಾಸಕ್ಕೆ ಯಾವ ದಾರಿ, ಯಾರಿಗೆ ಪ್ರವೇಶ, ಯಾರಿಗೆ ತಡೆ ಎಂದು ಎಂಜಿನಿಯರುಗಳು ಅದರಲ್ಲಿ ಬರೆದಿಡುವ ಸೂಚನೆಗಳಿಗೆ ಸಂರಚನೆ ಎಂದು ಹೆಸರು.

ಇಲ್ಲಿ ಒಂದು ಸೂಚನೆ ಎಡವಿದರೆ ಏನಾದೀತು? 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ಸಂಸ್ಥೆಯು ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಯಹೊರಟಿತು. ಗಡಿಯೊಳಗೇ ಉಳಿಯಬೇಕಿದ್ದ ಮಾರ್ಗಸೂಚನೆ ಹೊರಕ್ಕೆ ಸೋರಿತು. ಯೂಟ್ಯೂಬ್ ತನ್ನ 1,024 ವಿಳಾಸಗಳನ್ನು ಒಂದೇ ಗುಂಪಾಗಿ ಸಾರಿತ್ತು. ಸೋರಿದ ಸೂಚನೆ ಅವುಗಳಲ್ಲಿ 256ನ್ನು ಮಾತ್ರ ಹೆಸರಿಸಿತ್ತು. ಹೆಚ್ಚು ನಿರ್ದಿಷ್ಟವಾದ ದಾರಿಯನ್ನೇ ಆರಿಸುವುದು ರೌಟರಿನ ಧರ್ಮ. ಹೀಗಾಗಿ ಸುಮಾರು ಎರಡು ಗಂಟೆ ಕಾಲ ಜಗತ್ತಿನ ಅನೇಕ ಕಡೆ ಯೂಟ್ಯೂಬ್ ಸಿಗಲಿಲ್ಲ.

ಬಿಡಿಯಾಗಿ ಓದಿದರೆ ಆ ಸೂಚನೆ ಸರಿಯಾಗಿಯೇ ಕಾಣುತ್ತದೆ. ಇಡೀ ಜಾಲದೊಂದಿಗೆ ಇಟ್ಟು ನೋಡಿದಾಗಲೇ ದೋಷ ಹೊರಬೀಳುವುದು. ನೂರಾರು ರೌಟರುಗಳಿದ್ದಲ್ಲಿ ಇದು ಬರಿಗಣ್ಣಿನ ಕೆಲಸವಲ್ಲ. ಅದಕ್ಕೆಂದೇ ಸ್ವಯಂಚಾಲಿತ ಪರೀಕ್ಷೆ ಬಂದಿದೆ. 2015ರಲ್ಲಿ ಸಂಶೋಧನಾ ಪ್ರಬಂಧವೊಂದು ಪರಿಚಯಿಸಿದ ಬ್ಯಾಟ್‌ಫಿಶ್ ಇಂಥ ಒಂದು ತಂತ್ರಾಂಶ. ಅದು ಎಲ್ಲ ರೌಟರುಗಳ ಸಂರಚನೆಯನ್ನು ಓದಿ, ಗಣಕಯಂತ್ರದೊಳಗೇ ಜಾಲದ ಮಾದರಿಯನ್ನು ಕಟ್ಟುತ್ತದೆ. ಬಳಿಕ ನಾವು ಪ್ರಶ್ನೆ ಕೇಳಬಹುದು: ಇಲ್ಲಿಂದ ಹೊರಟ ಪೊಟ್ಟಣ ಅಲ್ಲಿಗೆ ತಲುಪುವುದೇ? ಒಳಗಿನ ಮಾರ್ಗ ಹೊರಗೆ ಸೋರುವುದೇ? ಒಂದು ತಂತಿ ಕಡಿದರೆ ಬದಲಿ ದಾರಿಯುಂಟೇ? ಉತ್ತರ ತಪ್ಪಿದರೆ ಬದಲಾವಣೆ ನಿಜವಾದ ರೌಟರನ್ನು ಮುಟ್ಟುವುದಿಲ್ಲ.

ಹಾಗಾದರೆ ನಿಶ್ಚಿಂತೆಯೇ? ಇಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಯಲ್ಲಿ ನಿರ್ವಹಣೆಗಾಗಿ ಕೊಟ್ಟ ಒಂದು ಆದೇಶವು ಅದರ ದತ್ತಾಂಶ ಕೇಂದ್ರಗಳ ನಡುವಣ ಸಂಪರ್ಕವನ್ನೆಲ್ಲ ಕಡಿದುಹಾಕಿತು. ಸುಮಾರು ಆರು ಗಂಟೆ ಸೇವೆ ನಿಂತಿತು. ಅಂಥ ಆದೇಶವನ್ನು ತಡೆಯಬೇಕಾದ ತಪಾಸಣಾ ತಂತ್ರಾಂಶ ಅಲ್ಲಿ ಇತ್ತು; ಆದರೆ ಅದರಲ್ಲೇ ದೋಷವಿತ್ತು! ಆದ್ದರಿಂದ ಪರೀಕ್ಷಕನನ್ನೂ ಪರೀಕ್ಷಿಸಬೇಕು. ಬೇಕೆಂದೇ ತಪ್ಪು ಸಂರಚನೆಯನ್ನು ಕೊಟ್ಟು, ಅದನ್ನು ಹಿಡಿಯುತ್ತದೆಯೇ ಎಂದು ನೋಡಬೇಕು.

ನೀವೂ ಕಾಗದದ ಮೇಲೆ ಮೂರು ರೌಟರುಗಳನ್ನು ತ್ರಿಕೋನವಾಗಿ ಜೋಡಿಸಿ. ಒಂದು ಗೆರೆ ಅಳಿಸಿದರೂ ಎಲ್ಲವೂ ಪರಸ್ಪರ ತಲುಪುತ್ತವೆ. ಇನ್ನೊಂದನ್ನೂ ಅಳಿಸಿ. ಈಗಲೂ ನಿಮ್ಮ ತಾಳೆ 'ಸರಿ' ಎಂದರೆ, ತಿದ್ದಬೇಕಾದುದು ಆ ತಾಳೆಯನ್ನೇ.