ತುರಿಕೆ ಹೋಯ್ತು, ಹುಳುಕಡ್ಡಿ ಹೋಗ್ಲಿಲ್ಲ

ಇವತ್ತಿನ ವಿಷಯ ಸ್ವಲ್ಪ ಮುಜುಗರದ್ದು. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತು ಕೇಳ್ತಾ ಇದ್ರೆ ಒಳ್ಳೇದೇ ಆಯ್ತು, ಪಕ್ಕದವರಿಗೆ ಕೇಳಿಸಲ್ಲ. ತೊಡೆಸಂದಿನ ತುರಿಕೆ ಬಗ್ಗೆ ಮಾತಾಡ್ತೀನಿ. ಬೇರೆ ಯಾರದ್ದೋ ಅಲ್ಲ, ನನ್ನದೇ.

ಎರಡು ವರ್ಷದ ಹಿಂದಿನ ಮಳೆಗಾಲ. ಬೆಂಗಳೂರಿನ ಒಂದು ಪಿಜಿಯಲ್ಲಿ ಮೂರು ಜನ ಒಂದೇ ರೂಮಲ್ಲಿದ್ವಿ. ಬಟ್ಟೆ ಒಣಗಿಸೋಕೆ ಜಾಗ ಇಲ್ಲ. ಜೀನ್ಸ್ ಅರ್ಧ ಹಸಿ ಇರುವಾಗಲೇ ಹಾಕ್ಕೊಂಡು ಆಫೀಸಿಗೆ ಓಡೋದು. ತೊಡೆಯ ಒಳಗಡೆ ಒಂದು ರೂಪಾಯಿ ನಾಣ್ಯದಷ್ಟು ದುಂಡಗೆ ಗುರುತು ಬಂತು. ಅಂಚು ಉಬ್ಬಿದೆ, ಅಂಚಲ್ಲಿ ಸಣ್ಣ ಹೊಟ್ಟು, ನಡುವೆ ಚರ್ಮ ಮಾಮೂಲಿ ಥರ. ಗೂಗಲ್ ಮಾಡಿದೆ. ಬಂದ ಫೋಟೋಗಳಲ್ಲೆಲ್ಲಾ ಬಿಳಿ ಚರ್ಮದ ಮೇಲೆ ಕೆಂಪು ಉಂಗುರ. ನನ್ನದು ಕಂದು ಬಣ್ಣ. ಹಾಗಾಗಿ ‘ಇದು ಅದಲ್ಲ’ ಅಂತ ನಾನೇ ತೀರ್ಮಾನ ಮಾಡ್ಕೊಂಡೆ. ನಮ್ಮ ಚರ್ಮದಲ್ಲಿ ಕೆಂಪು ಅನ್ನೋದು ಕಂದಾಗಿ, ಕಪ್ಪಾಗಿ ಕಾಣುತ್ತೆ ಅಂತ ಆಗ ಗೊತ್ತಿರಲಿಲ್ಲ.

ಬೀದಿ ತುದಿಯ ಮೆಡಿಕಲ್‌ಗೆ ಹೋಗಿ, "ಅಣ್ಣ, ತುರಿಕೆಗೆ ಏನಾದ್ರೂ ಕೊಡಿ" ಅಂದೆ. ಎಲ್ಲಿ, ಎಷ್ಟು ದಿನದಿಂದ, ಏನೂ ಕೇಳಲಿಲ್ಲ. ಒಂದು ಟ್ಯೂಬ್ ಕೊಟ್ರು. ಮೂರೇ ದಿನ, ತುರಿಕೆ ಮಾಯ! ನಾನಂತೂ ರೂಮಲ್ಲಿದ್ದ ಇಬ್ಬರಿಗೂ ಆ ಟ್ಯೂಬ್ ಹೊಗಳಿದ್ದೇ ಹೊಗಳಿದ್ದು. ನಿಲ್ಲಿಸಿದ ವಾರದಲ್ಲಿ ಮತ್ತೆ ಬಂತು, ಈ ಸಲ ಅಂಗೈಯಷ್ಟು. ಮತ್ತೆ ಹಚ್ಚಿದೆ, ಮತ್ತೆ ಹೋಯ್ತು, ಮತ್ತೆ ಬಂತು. ಹೀಗೆ ಆರು ತಿಂಗಳು.

ಕೊನೆಗೆ ಚರ್ಮದ ಡಾಕ್ಟರ್ ಹತ್ರ ಹೋದೆ. ಅವರು ಮೊದಲು ಕೇಳಿದ್ದು, "ಟ್ಯೂಬ್ ತಂದಿದ್ದೀರಾ?" ಅದರ ಹಿಂದೆ ನಾಲ್ಕು ಔಷಧಿಗಳ ಹೆಸರಿತ್ತು. ಒಂದು ಫಂಗಸ್‌ಗೆ, ಎರಡು ಬೇರೆ ಸೋಂಕುಗಳಿಗೆ, ಇನ್ನೊಂದು ಕ್ಲೋಬೆಟಸಾಲ್. ಅದು ಸ್ಟಿರಾಯ್ಡ್, ಅದೂ ಮುಲಾಮುಗಳಲ್ಲೇ ಅತಿ ಜೋರಿನದು.

ಆಗಿದ್ದೇನಪ್ಪಾ ಅಂದ್ರೆ, ನನಗೆ ಬಂದಿದ್ದು ಹುಳುಕಡ್ಡಿ. ಗಜಕರ್ಣ ಅಂತಲೂ ಕೇಳಿರ್ತೀರಿ. ಹೆಸರಲ್ಲಿ ಹುಳ ಇದೆ, ಅಷ್ಟೇ. ಅಸಲಿಗೆ ಅದು ಫಂಗಸ್, ಅಂದ್ರೆ ಶಿಲೀಂಧ್ರ. ಚರ್ಮದ ಮೇಲ್ಪದರದ ಕೆರಾಟಿನ್ ತಿಂದು ಬದುಕುತ್ತೆ, ಬೆವರು ಬಿಸಿ ಇದ್ರೆ ಹಬ್ಬುತ್ತೆ. ತುರಿಕೆ, ಊತ ಎಲ್ಲಾ ಅದರ ವಿರುದ್ಧ ನಮ್ಮ ದೇಹ ಮಾಡೋ ಹೋರಾಟ. ಸ್ಟಿರಾಯ್ಡ್ ಆ ಹೋರಾಟವನ್ನೇ ಸುಮ್ಮನಾಗಿಸುತ್ತೆ. ನಮಗೆ ಆರಾಮು, ಫಂಗಸ್‌ಗೆ ಇನ್ನೂ ಆರಾಮು. ಬಿಕಾಂ ಓದಿದವನಿಗೆ ಇದು ತಕ್ಷಣ ಅರ್ಥ ಆಯ್ತು: ಸಾಲ ಹಾಗೇ ಇದೆ, ಬ್ಯಾಲೆನ್ಸ್ ಶೀಟಲ್ಲಿ ಮಾತ್ರ ಕಾಣಿಸ್ತಿಲ್ಲ. ಉಂಗುರದ ಅಂಚು ಅಳಿಸಿಹೋಗಿ ಗುರುತೇ ಸಿಗದ ಹಾಗಾಗೋ ಈ ಸ್ಥಿತಿಗೆ ಡಾಕ್ಟರುಗಳು ಇಟ್ಟ ಹೆಸರು ಟಿನಿಯಾ ಇನ್‌ಕಾಗ್ನಿಟೋ. ಹೌದು, ನಿಮ್ಮ ಬ್ರೌಸರಲ್ಲಿರೋ ಅದೇ ಇನ್‌ಕಾಗ್ನಿಟೋ.

ಹಾಗಾಗಿ ಡಾಕ್ಟರ್ ಕಣ್ಣಲ್ಲಿ ನೋಡಿ ಬಿಡಲಿಲ್ಲ. ಬ್ಲೇಡಿನಿಂದ ಅಂಚಿನ ಹೊಟ್ಟನ್ನು ಮೆಲ್ಲಗೆ ಕೆರೆದು ಗಾಜಿನ ಮೇಲೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ರು. ಅದು ಚರ್ಮದ ಕಣಗಳನ್ನು ಕರಗಿಸುತ್ತೆ, ಫಂಗಸ್ ಎಳೆಗಳು ಉಳಿಯುತ್ತವೆ. ಮೈಕ್ರೋಸ್ಕೋಪಲ್ಲಿ ನನಗೂ ತೋರಿಸಿದ್ರು. ಕವಲೊಡೆದ ಸಣ್ಣ ಬೇರುಗಳ ಥರ ಇತ್ತು. ನೋವಿಲ್ಲ, ದೊಡ್ಡ ಖರ್ಚೂ ಇಲ್ಲ.

ದುಂಡಗಿರೋದೆಲ್ಲಾ ಹುಳುಕಡ್ಡಿ ಅಲ್ಲ ಅಂತಲೂ ಹೇಳಿದ್ರು. ಸೋರಿಯಾಸಿಸ್ ಇರಬಹುದು, ಎಕ್ಸಿಮಾ ಇರಬಹುದು. ತೊಡೆಸಂದಿನಲ್ಲಿ ಎರಿತ್ರಾಸ್ಮಾ ಅಂತ ಒಂದು ಬರುತ್ತೆ. ನೋಡೋಕೆ ಇದೇ ಥರ, ಆದ್ರೆ ಅದು ಬ್ಯಾಕ್ಟೀರಿಯಾ. ವುಡ್ಸ್ ಲ್ಯಾಂಪ್ ಅನ್ನೋ ನೇರಳಾತೀತ ದೀಪ ಹಿಡಿದ್ರೆ ಹವಳದ ಬಣ್ಣದಲ್ಲಿ ಹೊಳೆಯುತ್ತೆ! ಇನ್ನು ಮಚ್ಚೆ ತುರಿಸ್ತಾನೇ ಇಲ್ಲ, ಅಲ್ಲಿ ಮುಟ್ಟಿದ್ದು, ಬಿಸಿ-ತಣ್ಣಗೆ ಗೊತ್ತಾಗಲ್ಲ ಅಂದ್ರೆ ಕಾಯಬೇಡಿ. ಅದು ಕುಷ್ಠ ಇರಬಹುದು. ಹೆದರಬೇಡಿ, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, 6 ಅಥವಾ 12 ತಿಂಗಳಲ್ಲಿ ಗುಣವಾಗುತ್ತೆ. ತಡ ಮಾಡಿದ್ರೆ ನರಗಳಿಗೆ ಪೆಟ್ಟು.

ಸ್ಟಿರಾಯ್ಡ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಎಕ್ಸಿಮಾ, ಸೋರಿಯಾಸಿಸ್‌ಗೆ ಡಾಕ್ಟರುಗಳೇ ಬರೆದುಕೊಡ್ತಾರೆ. ಅಂಥವರು ನನ್ನ ಮಾತು ಕೇಳಿ ನಾಳೆಯಿಂದ ನಿಲ್ಲಿಸಬೇಡಿ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸ್ತು. ನನಗೆ ಯಾರೂ ಚೀಟಿ ಕೇಳಲಿಲ್ಲ. ನಾನೂ ಟ್ಯೂಬ್ ತಿರುಗಿಸಿ ಓದಲಿಲ್ಲ.

ಇನ್ನೊಂದು ತಲೆನೋವು ಇದೆ. ನಮ್ಮ ದೇಶದಲ್ಲಿ ಈಗ ಹಬ್ಬಿರೋ ಫಂಗಸ್‌ನ ಹೆಸರು ಟ್ರೈಕೋಫೈಟಾನ್ ಇಂಡೋಟಿನಿಯೇ. ಹೆಸರಲ್ಲೇ ಇಂಡಿಯಾ ಇದೆ, 2020ರಲ್ಲಿ ಇಟ್ಟಿದ್ದು. ಟರ್ಬಿನಾಫಿನ್ ಅನ್ನೋ ಮಾಮೂಲಿ ಔಷಧಿಗೆ ಇದು ಎಷ್ಟೋ ಸಲ ಬಗ್ಗಲ್ಲ. ಅದಕ್ಕೇ ಡಾಕ್ಟರ್ ನನಗೆ ಬೇರೆ ಮಾತ್ರೆ ಬರೆದ್ರು. "ತುರಿಕೆ ನಿಂತಾಗ ಅಲ್ಲ, ನಾನು ಹೇಳಿದಾಗ ನಿಲ್ಲಿಸಿ" ಅಂದ್ರು. ಆಮೇಲೆ ಕೇಳಿದ್ರು, "ಮನೇಲಿ ಇನ್ಯಾರಿಗಿದೆ?"

ಆ ಪ್ರಶ್ನೆಗೆ ನಾನು ಸುಮ್ಮನಾದೆ. ಯಾಕಂದ್ರೆ ದೀಪಾವಳಿಗೆ ಊರಿಗೆ ಹೋದಾಗ ಅಮ್ಮನ ಟವೆಲ್‌ನಲ್ಲೇ ಮೈ ಒರೆಸಿಕೊಂಡಿದ್ದೆ. ಅವರಿಗೆ ಸೊಂಟದ ಹತ್ರ ತುರಿಕೆ ಶುರುವಾದಾಗ ಅದೇ ಟ್ಯೂಬ್ ಕೊರಿಯರ್ ಮಾಡಿದವನೂ ನಾನೇ. ಕ್ಲಿನಿಕ್‌ನಿಂದ ಹೊರಗೆ ಬಂದು ಫೋನ್ ಮಾಡಿದೆ. "ಅಯ್ಯೋ, ನೀನು ಕಳಿಸಿದ್ದು ಚೆನ್ನಾಗಿ ಕೆಲಸ ಮಾಡ್ತಿದೆ ಕಣೋ, ಪಕ್ಕದ ಮನೆಯವರಿಗೂ ಸ್ವಲ್ಪ ಕೊಟ್ಟೆ" ಅಂದ್ರು.

ಅಮ್ಮನಿಗೆ ಪೂರ್ತಿ ವಾಸಿಯಾಗೋಕೆ ಮೂರು ತಿಂಗಳು ಹಿಡೀತು. ಪಕ್ಕದ ಮನೆ ಆಂಟಿಯನ್ನೂ ಅವರೇ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಈಗ ಮನೇಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಟವೆಲ್, ನನ್ನದು ಹಳದಿ. ನನ್ನ ಹುಳುಕಡ್ಡಿನೂ ಹೋಯ್ತು. ಆದ್ರೆ ಆ ಮುಲಾಮಿನಿಂದ ಚರ್ಮ ತೆಳುವಾಗಿ ತೊಡೆ ಮೇಲೆ ಬಿದ್ದ ಗೆರೆಗಳು ಹೋಗಲ್ಲವಂತೆ, ಬಣ್ಣ ಸ್ವಲ್ಪ ಮಾಸಬಹುದು ಅಷ್ಟೇ.