ಮಿತವ್ಯಯದ ವಂಶವಾಹಿಯನ್ನು ಅರಸಿ ಹೊರಟವರು

ನಡುವಯಸ್ಸಿನಲ್ಲಿ ತಲೆದೋರುವ ಎರಡನೆಯ ಬಗೆಯ ಮಧುಮೇಹ, ಅಂದರೆ ದೇಹದಲ್ಲಿ ಇನ್ಸುಲಿನ್ ಇದ್ದೂ ಅದು ಸಾಲದೆ ಅಥವಾ ನಾಟದೆ ರಕ್ತದಲ್ಲಿ ಸಕ್ಕರೆ ಏರುವ ಕಾಯಿಲೆ, ಮನೆತನದಲ್ಲಿ ಇಳಿದುಬರುತ್ತದೆಂಬುದು ವೈದ್ಯರಿಗೆ ಮೊದಲಿನಿಂದಲೂ ಗೊತ್ತಿತ್ತು. ಇಳಿದುಬರುವುದು ಏನು, ಏಕೆ ಎಂಬುದಕ್ಕೆ ಮನಸೆಳೆಯುವ ಉತ್ತರ ಕೊಟ್ಟವರು ಮಿಶಿಗನ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಜೇಮ್ಸ್ ನೀಲ್. ಬೇಟೆ ಸಿಕ್ಕ ದಿನ ಹೊಟ್ಟೆ ಬಿರಿಯ ಉಂಡು, ಸಿಗದ ದಿನ ಉಪವಾಸ ಬೀಳುತ್ತಿದ್ದ ಪೂರ್ವಿಕರಲ್ಲಿ, ಉಂಡದ್ದನ್ನು ಬೇಗನೆ ಕೊಬ್ಬಾಗಿ ಕೂಡಿಡುವ ಗುಣ ಪ್ರಾಣ ಉಳಿಸಿತೆಂದೂ, ಹೊತ್ತುಹೊತ್ತಿಗೆ ಊಟ ಸಿಗುವ ಕಾಲದಲ್ಲಿ ಅದೇ ಮುಳುವಾಯಿತೆಂದೂ 1962ರಲ್ಲಿ ಅವರು ಮಂಡಿಸಿದ 'ಮಿತವ್ಯಯದ ತಳಿಗುಣ'ದ ವಾದ ಎಷ್ಟು ಅಂದವಾಗಿತ್ತೆಂದರೆ, ಪುರಾವೆಗೂ ಕಾಯದೆ ಅದನ್ನು ನಂಬಿದವರೇ ಬಹಳ. ನೀಲ್ ಲೇಖನದ ಶೀರ್ಷಿಕೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದು ಮಾತ್ರ ಮರೆತೇಹೋಯಿತು.

ಮಧುಮೇಹದ ವಂಶವಾಹಿಯ ಹುಡುಕಾಟದಲ್ಲಿ ಮುಂದಿನ ದಶಕಗಳಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. 2000ದಲ್ಲಿ ಟೆಕ್ಸಸ್‌ನ ಮೆಕ್ಸಿಕನ್ ಮೂಲದ ಕುಟುಂಬಗಳಲ್ಲಿ ಕ್ಯಾಲ್ಪೈನ್-10 ಎಂಬ ವಂಶವಾಹಿ ಸಿಕ್ಕಿತೆಂದು ಎದ್ದ ಸಂಭ್ರಮವೂ, ಬೇರೆ ಜನರಲ್ಲಿ ಅದು ಸರಿಯಾಗಿ ರುಜುವಾತಾಗದೆ ತಣ್ಣಗಾಯಿತು.

ಗಟ್ಟಿ ಸುಳಿವು ದೊರೆತದ್ದು ಐಸ್‌ಲ್ಯಾಂಡಿನಲ್ಲಿ. ರೇಕ್ಯಾವಿಕ್ ನಗರದ ಡಿಕೋಡ್ ಸಂಸ್ಥೆಯ ಸ್ಟ್ರುವಾನ್ ಗ್ರಾಂಟ್ ಮತ್ತು ಸಂಗಡಿಗರು ಹತ್ತನೆಯ ವರ್ಣತಂತುವಿನ ಒಂದು ತುಂಡಿನುದ್ದಕ್ಕೂ 228 ಗುರುತುಗಳನ್ನು, ಎಂದರೆ ಒಬ್ಬರಿಂದ ಒಬ್ಬರಿಗೆ ಉದ್ದ ಬದಲಾಗುವ ಡಿಎನ್‌ಎಯ ಪುನರಾವರ್ತಿತ ಸಾಲುಗಳನ್ನು, ರೋಗಿಗಳಲ್ಲೂ ರೋಗವಿಲ್ಲದವರಲ್ಲೂ ಹೋಲಿಸುತ್ತ ಹೋದಾಗ ಒಂದು ಗುರುತು ಎದ್ದು ಕಂಡಿತು. ಅದು ಇದ್ದದ್ದು ಮಧುಮೇಹದ ಸಂಬಂಧದಲ್ಲಿ ಯಾರ ಗಮನವೂ ಹರಿಯದಿದ್ದ ಟಿಸಿಎಫ್7ಎಲ್2 ಎಂಬ ವಂಶವಾಹಿಯಲ್ಲಿ, ಅದೂ ಪ್ರೋಟೀನು ಕಟ್ಟುವ ಸೂಚನೆಯೇ ಇಲ್ಲದ ಭಾಗದಲ್ಲಿ! 2006ರಲ್ಲಿ ಪ್ರಕಟವಾದ ಆ ಲೆಕ್ಕದಂತೆ, ಅಪಾಯದ ರೂಪವನ್ನು ಹೆತ್ತವರಲ್ಲಿ ಒಬ್ಬರಿಂದ ಪಡೆದವರಿಗೆ ಕಾಯಿಲೆಯ ಸಂಭವ ಸುಮಾರು 1.45 ಪಟ್ಟು, ಇಬ್ಬರಿಂದಲೂ ಪಡೆದವರಿಗೆ 2.4 ಪಟ್ಟು. ಮರುವರ್ಷ ಪುಣೆಯ ರೋಗಿಗಳಲ್ಲೂ ಇದೇ ನಂಟು ಕಂಡುಬಂತು. ಸ್ವಾರಸ್ಯವೆಂದರೆ, ಈ ವಂಶವಾಹಿಗೆ ಕೊಬ್ಬು ಕೂಡಿಡುವ ಗೊಡವೆಯೇ ಇದ್ದಂತಿಲ್ಲ. ಅದರ ಪ್ರಭಾವ ಕಾಣುವುದು ಮುಖ್ಯವಾಗಿ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ಸ್ರವಿಸುವುದರಲ್ಲಿ.

ಅಲ್ಲಿಂದೀಚೆಗೆ ಇಡೀ ಡಿಎನ್‌ಎಯನ್ನೇ ಜಾಲಾಡುವ ವಿಧಾನ ಬಂದು ಇಂಥ ನೂರಾರು ತಾಣಗಳು ಸಿಕ್ಕಿವೆಯಾದರೂ, ಹೆಚ್ಚಿನವುಗಳ ಪ್ರಭಾವ ಟಿಸಿಎಫ್7ಎಲ್2ಗಿಂತಲೂ ಕಡಿಮೆ. ಮಧುಮೇಹವೆಂದರೆ ತಳಿವಿಜ್ಞಾನಿಯ ದುಃಸ್ವಪ್ನವೆಂದು ನೀಲ್ 1976ರಲ್ಲೇ ಬರೆದಿದ್ದರು; ಆ ಮಾತು ಹುಸಿಯಾಗಲಿಲ್ಲ. 2008ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಂ ಊರಿನವರ ಅಧ್ಯಯನದಲ್ಲಿ ಅಂಥ 18 ಗುರುತುಗಳನ್ನು ಕೂಡಿಸಿ ನೋಡಿದಾಗಲೂ, ವಯಸ್ಸು, ತೂಕ, ರಕ್ತದ ಸಕ್ಕರೆ ಮತ್ತು ಮನೆಯಲ್ಲಿ ಯಾರಿಗಿತ್ತು ಎಂಬ ವಿಚಾರಣೆಯಷ್ಟರಿಂದಲೇ ಹೇಳಬಹುದಾದ ಭವಿಷ್ಯಕ್ಕೆ ಅವು ಸೇರಿಸಿದ್ದು ಅತ್ಯಲ್ಪ.